ಅಂಡೋರಾದ ಬಸಂತರಾಯರು

ಹುಡುಗನ ಕಡೆಯವರು ಬರುವುದು ಮಧ್ಯಾಹ್ನಕ್ಕೆ. ಮಲ್ಲಣ್ಣ ಮಾತ್ರ ಬೆಳಿಗ್ಗೆಯೇ ಬಂದು ಕೂತಿದ್ದ. ಇಂಡಿ ಪಟ್ಟಣದ ಆ ಓಣಿಯಲ್ಲಿ ಯಾರ ಮನೆಗೆ ನೆಂಟರು ಬರುವುದಿದ್ದರೂ ಮೊದಲ ಚಹಾ ಮಲ್ಲಣ್ಣನದೇ. ಬ್ಯಾಂಕಿನಲ್ಲಿದ್ದಾಗ ಮಂದಿಯ ಖಾತೆ ನೋಡಿ ನೋಡಿ ರೂಢಿಯಾಗಿದ್ದವನು, ನಿವೃತ್ತನಾದ ಮೇಲೆ ಮಂದಿಯ ಮನೆ ನೋಡತೊಡಗಿದ್ದ. ಲಿಂಬಿಕಾಯಿಯ ಅಡತಿ ಅಂಗಡಿ ನಡೆಸುವ ಬಸಂತರಾಯರು ಅವನ ಮುಂದೆ ಹುಡುಗನ ನೌಕರಿಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಂಡರು. ಮಾಲ್ಟಾ ಎಂಬ ದೇಶ, ದೊಡ್ಡ ಕಂಪನಿ, ಪರಿಶೀಲನಾಧಿಕಾರಿ. ಮಲ್ಲಣ್ಣ ಕಂಪನಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಕನ್ನಡಕವನ್ನು ಹಣೆಗೇರಿಸಿ ಓದಿ, ಸತ್ತವರ ಮುಖಕ್ಕೆ ಬಟ್ಟೆ ಎಳೆಯುವಷ್ಟು ಮೆಲ್ಲಗೆ ಫೋನನ್ನು ಬೋರಲು ಇಟ್ಟ.

"ಇದು ಜೂಜಿನ ಕಂಪನಿ, ಬಸಂತರಾಯ," ಎಂದ. "ಅದೂ ರೂಪಾಯಿ ಮ್ಯಾಲಲ್ಲ. ಕಣ್ಣಿಗಿ ಕಾಣದ ಕಾಯಿನ್ ಮ್ಯಾಲ. ಕ್ರಿಪ್ಟೊ ಅಂತಾರಲ್ಲ, ಅದು."

ಬಸಂತರಾಯರು ಕೈಯಲ್ಲಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟರು. ಜೂಜು ಎಂಬ ಮಾತು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅವರ ತಂದೆ ಚಡಚಣದಲ್ಲಿ ಇಸ್ಪೀಟು ಎಲೆ ಹಿಡಿದು ಕೂತು, ಇದ್ದ ಒಂದೇ ಲಿಂಬಿ ತೋಟವನ್ನು ಕಳೆದುಕೊಂಡು ಎದ್ದಿದ್ದರು. ಆಗ ಬಸಂತರಾಯರು ಶಾಲೆಗೆ ಹೋಗುವ ಹುಡುಗ. ಅಂದಿನಿಂದ ಅವರು ಲಾಟರಿ ಚೀಟಿ ಕೊಂಡವರಲ್ಲ, ದೀಪಾವಳಿಯ ದಿನ ಕೂಡ ಎಲೆ ಮುಟ್ಟಿದವರಲ್ಲ. ಮಳೆ ಬರುತ್ತದೋ ಇಲ್ಲವೋ ಎಂದು ಗೆಳೆಯರು ಚಹಾದ ಪಣ ಕಟ್ಟಿದರೆ ಎದ್ದು ಬರುತ್ತಿದ್ದರು.

ಅಡುಗೆಮನೆಯಲ್ಲಿ ಹೆಂಡತಿ ರುಕ್ಮವ್ವ ಹೂರಣ ರುಬ್ಬುತ್ತಿದ್ದಳು. ವಿಷಯ ಕೇಳಿ, ಹೂರಣ ಆದ ಮೇಲೆ ಬೇಡವೆನ್ನಲು ಬರುವುದಿಲ್ಲ, ಮೊದಲೇ ನೋಡಬೇಕಿತ್ತು ಎಂದಳು. ಮಗಳು ಭಾಗ್ಯಜ್ಯೋತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹುಡುಗನ ಜೊತೆ ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದಳು. ಅವನು ತನ್ನ ಬಗ್ಗೆ ಹೇಳಿಕೊಂಡಿದ್ದಕ್ಕಿಂತ ಅವಳ ಬಗ್ಗೆ ಕೇಳಿದ್ದೇ ಹೆಚ್ಚೆಂದು ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. "ಅವರು ಬಂದ ಮ್ಯಾಲ ಅವರನ್ನ ಕೇಳ್ರಿ, ಅಪ್ಪಾ," ಎಂದಳು. ಅದು ಬಸಂತರಾಯರಿಗೆ ಸರಿ ಕಾಣಲಿಲ್ಲ. ಮನೆಗೆ ಬಂದ ಬೀಗರನ್ನು ನೀವು ಜೂಜುಕೋರರೇ ಎಂದು ಯಾವ ಬಾಯಿಯಿಂದ ಕೇಳುವುದು? ಟೊಪ್ಪಿಗೆ ಹಾಕಿಕೊಂಡು ಕೋರ್ಟಿನ ಕಡೆ ನಡೆದರು.

ವಕೀಲ ಸಂಜೀವಕುಮಾರ ಅವರನ್ನು ಗಿಡದ ನೆರಳಿಗೆ ಕೂರಿಸಿ ಎಲ್ಲವನ್ನೂ ಗಂಭೀರವಾಗಿ ಕೇಳಿಕೊಂಡ. ಪ್ರಶ್ನೆ ದೊಡ್ಡದು ಎಂದ. ನಮ್ಮ ದೇಶದಲ್ಲಿ ಹೊಸ ಕಾಯ್ದೆ ಬಂದಿದೆ. ದುಡ್ಡು ಹಚ್ಚುವ ಆನ್‌ಲೈನ್ ಆಟವನ್ನು ಯಾರೂ ನಡೆಸುವಂತಿಲ್ಲ, ರೂಪಾಯಿಯಾದರೂ ಅಷ್ಟೇ, ಕಾಯಿನ್ ಆದರೂ ಅಷ್ಟೇ. ಮಾಲ್ಟಾದಲ್ಲಿ ಸರಕಾರವೇ ಲೈಸೆನ್ಸ್ ಕೊಡುತ್ತದೆ, ಕಾಯಿನ್ ತೆಗೆದುಕೊಳ್ಳಲು ಮತ್ತೊಂದು ಒಪ್ಪಿಗೆ ಬೇಕು. ಚೀನಾದಲ್ಲಿ ಜೂಜೂ ಸಲ್ಲದು, ಕಾಯಿನ್ನೂ ಸಲ್ಲದು. ನೇಪಾಳದಲ್ಲಿ ಕಾಯಿನ್ ಮುಟ್ಟಿದರೇ ತಪ್ಪು. ಜಪಾನಿನಲ್ಲಿ ಕುದುರೆಯ ಮೇಲೆ ಹಚ್ಚಬಹುದು, ಮೊಬೈಲಿನ ಕ್ಯಾಸಿನೊದಲ್ಲಿ ಹಚ್ಚಬಾರದು. ಒಂದೇ ಕೆಲಸ ಮಾಡಿದ ಮನುಷ್ಯ ಒಂದು ಊರಲ್ಲಿ ಸಾಹೇಬ, ಇನ್ನೊಂದು ಊರಲ್ಲಿ ಆರೋಪಿ.

"ಅಲ್ಲಿಂದ ಇಲ್ಲಿಗಿ ಬರೂ ಮುಂದ, ವಿಮಾನದಾಗ ಕುಂತಾಗ?" ಎಂದು ಬಸಂತರಾಯರು ಕೇಳಿದರು.

ಸಂಜೀವಕುಮಾರ ತಲೆ ಎತ್ತಿ ಗಿಡದ ಎಲೆಗಳಾಚೆಯ ಆಕಾಶ ನೋಡಿದ. "ಅದು ಆ ಹೊತ್ತಿನಾಗ ಯಾವ ದೇಶದ ಮ್ಯಾಲ ಹಾರಾಕತ್ತಿರ್ತೈತಿ ಅನ್ನೂದ್ರ ಮ್ಯಾಲ ಐತ್ರಿ," ಎಂದ.

ಕೊನೆಗೆ ಒಂದು ದಾರಿ ಹೇಳಿದ. ಆ ಕಂಪನಿ ಹಿಂದುಸ್ತಾನದ ಮಂದಿಗೆ ಆಟ ಆಡಿಸುತ್ತಿದ್ದರೆ ಹುಡುಗ ಇಲ್ಲಿಯ ಕಾನೂನಿಗೆ ಸಿಕ್ಕಿಬೀಳುತ್ತಾನೆ. ಹಿಂದುಸ್ತಾನದವರನ್ನು ಹೊರಗಿಟ್ಟಿದ್ದರೆ ಚಿಂತೆ ಇಲ್ಲ. ಕಂಪನಿಯ ನಿಯಮ ಓದಿದರೆ ತಿಳಿಯುತ್ತದೆ.

ಬಸಂತರಾಯರು ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ ನಬಿಲಾಲನ ಹತ್ತಿರ ಹೋದರು. ಕಂಪನಿಯ ಪುಟ ತೆರೆಯಲೇ ಇಲ್ಲ. ಸರಕಾರ ಮುಚ್ಚಿದೆಯೋ, ಕಂಪನಿಯೇ ನಮ್ಮನ್ನು ಹೊರಗಿಟ್ಟಿದೆಯೋ ಹೇಳಲಾಗದು ಎಂದು ನಬಿಲಾಲ ಅಂದ. ವ್ಯಾಪಾರಿಗೆ ಅಂದಾಜಿನ ಮಾತು ಸಾಲದು, ಬರೆದದ್ದು ಬೇಕು. ಬೇರೆ ದಾರಿ ಇದೆಯೇ ಎಂದು ಬಸಂತರಾಯರು ಒತ್ತಾಯ ಮಾಡಿದರು. ಫೋನು ಬೇರೆ ದೇಶದಲ್ಲಿದೆ ಎಂದು ನಂಬಿಸುವ ಆ್ಯಪ್ ಇದೆ ಎಂದು ಹೇಳಿ ನಬಿಲಾಲ ನಾಲಿಗೆ ಕಚ್ಚಿಕೊಂಡ. "ಅದು ಸುಳ್ಳು ಹೇಳಿದಂಗ ಆಗ್ತದರಿ, ಕಾಕಾ. ಬಿಟ್ಟುಬಿಡ್ರಿ," ಎಂದ. ಮಗಳ ಬಾಳಿನ ಪ್ರಶ್ನೆ ಎಂದು ಇವರು ಬಿಡಲಿಲ್ಲ.

ಪುಟ ತೆರೆಯಿತು. ಆದರೆ ಹೆಸರು ಬರೆಸದೆ ಅದು ನಿಯಮ ತೋರಿಸಲೊಲ್ಲದು. ಹೆಸರು ಕೊಟ್ಟರು. ದೇಶ ಯಾವುದೆಂದು ಕೇಳಿತು. ಕೊಟ್ಟಿದ್ದ ಹೆಸರುಗಳಲ್ಲಿ ಭಾರತ ಇರಲಿಲ್ಲ. ಎಲ್ಲಕ್ಕಿಂತ ಮೇಲೆ ಅಂಡೋರಾ ಎಂಬ ಯುರೋಪಿನ ಪುಟ್ಟ ದೇಶದ ಹೆಸರಿತ್ತು. ಇದ್ದುದರಲ್ಲಿ ಆಂಧ್ರಕ್ಕೆ ಹತ್ತಿರವಾಗಿ ಕಂಡ ಹೆಸರು ಅದೊಂದೇ ಆದ್ದರಿಂದ ಬಸಂತರಾಯರು ಅದನ್ನೇ ಒತ್ತಿದರು. ಗುರುತಿನ ದಾಖಲೆ ಕೇಳಿತು. ಆಧಾರ ಇಲ್ಲದೆ ಯಾವ ಕೆಲಸ ಆಗಿದೆ ಎನ್ನುತ್ತ, ಅಂಗಿಯ ಒಳಕಿಸೆಯಿಂದ ಕಾರ್ಡು ತೆಗೆದು ಎರಡೂ ಬದಿಯ ಫೋಟೊ ಕೊಟ್ಟರು.

ಆಮೇಲೆ ನಿಯಮಗಳು ಬಂದವು. ನಬಿಲಾಲ ಓದಿ ಹೇಳಿದ: ಭಾರತದಲ್ಲಿರುವವರು ಇಲ್ಲಿ ಆಡುವಂತಿಲ್ಲ. ಬಸಂತರಾಯರು ಎರಡೂ ಕೈ ಜೋಡಿಸಿದರು. ಕಂಪನಿ ಮರ್ಯಾದೆಯದು, ಹುಡುಗ ನಿರ್ದೋಷಿ. ಪುಟ ಮುಚ್ಚೋಣವೆಂದು ಅವರೇ ಬೆರಳು ಒತ್ತಿದರು. ಒತ್ತಿದ್ದು ಬೇರೆ ಕಡೆ. ಹೊಸಬರಿಗೆಂದು ಕಂಪನಿ ಉಡುಗೊರೆಯಾಗಿ ಕೊಟ್ಟ ಕಾಯಿನ್ನುಗಳು ಒಂದು ಬಣ್ಣದ ಚಕ್ರದ ಮೇಲೆ ಹೋಗಿ ಕೂತವು. ಚಕ್ರ ಗಿರಗಿರ ತಿರುಗಿ ನಿಂತಿತು, ಕಾಯಿನ್ನುಗಳು ಹೋದವು. ತಮ್ಮದಲ್ಲದ್ದು ಹೋದರೆ ಹೋಗಲಿ ಎಂದು ಬಸಂತರಾಯರು ಹಗುರಾಗಿ ಮನೆಗೆ ಬಂದು ರುಕ್ಮವ್ವನಿಗೆ ಹೋಳಿಗೆ ಮಾಡಲು ಹೇಳಿದರು.

ಮಧ್ಯಾಹ್ನ ನಾಲತವಾಡದಿಂದ ಹುಡುಗನ ಕಡೆಯವರು ಬಂದರು. ಹುಡುಗ ಚೇತನಕುಮಾರ ತಿಂಗಳ ರಜೆಯ ಮೇಲೆ ಊರಿಗೆ ಬಂದವನು, ಮೆಲುಮಾತಿನವನು. ರಜೆ ಮುಗಿದು ಇಲ್ಲಿಂದಲೇ ಮರಳಿ ಹೊರಡುವುದಿದ್ದುದರಿಂದ ಅವನ ಬ್ಯಾಗು ಕಾರಿನಲ್ಲೇ ಇತ್ತು. ಅವನ ತಂದೆ ಗುರುಸಂಗಪ್ಪ ನಿವೃತ್ತ ಹೆಡ್‌ಮಾಸ್ತರರು. ಮಗನ ಕೆಲಸದ ಮಾತು ಬಂದಾಗಲೆಲ್ಲ ಅವರು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಕರೆಯದೆ ಬಂದಿದ್ದ ಮಲ್ಲಣ್ಣನಿಗೆ ಅದು ಕಂಡಿತು. ಕಂಪನಿಯಲ್ಲಿ ನಿಖರವಾಗಿ ಏನು ಮಾಡುತ್ತೀರಿ ಎಂದು ಅವನೇ ಕೇಳಿದ.

ಚೇತನಕುಮಾರ ಏನನ್ನೂ ಮುಚ್ಚಿಡಲಿಲ್ಲ. ಕಂಪನಿ ಜೂಜಿನದೇ, ಆ ದೇಶದ ಕಾನೂನಿನ ಒಳಗೆ ನಡೆಯುವಂಥದು. ತಾನು ಆಡುವವನಲ್ಲ, ಆಡಿಸುವವನೂ ಅಲ್ಲ. ಯಾವ ದೇಶದಲ್ಲಿ ನಿಷೇಧವಿದೆಯೋ ಅಲ್ಲಿಯ ಜನ ಸುಳ್ಳು ದೇಶದ ಹೆಸರು ಹೇಳಿ ಒಳಗೆ ಬರುತ್ತಾರೆ. ಅವರ ಕಾಗದ ನೋಡಿ, ಮುಖ ನೋಡಿ, ಹಿಡಿದು ಹೊರಗೆ ಹಾಕುವುದು ತನ್ನ ಕೆಲಸ. ಬಸಂತರಾಯರ ಎದೆ ಉಬ್ಬಿತು. ಹುಡುಗ ಕಳ್ಳನಲ್ಲ, ಪೊಲೀಸನೇ ಆಗಿದ್ದ. ಮಲ್ಲಣ್ಣನ ಕಡೆ ಒಮ್ಮೆ ನೋಡಿ, ಹುಡುಗನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಊಟವಾಗಿ ಎಲೆಅಡಿಕೆ ಬಂದಾಗ ಹುಡುಗನ ಫೋನು ಸಣ್ಣಗೆ ಸದ್ದು ಮಾಡಿತು. ಕನ್ನಡ ಅಕ್ಷರದ ಕಾಗದ ಬಂದರೆ ಓದುವವರು ಅಲ್ಲಿ ಬೇರೆ ಯಾರೂ ಇಲ್ಲ, ರಜೆಯಲ್ಲೂ ತನಗೇ ಕಳಿಸುತ್ತಾರೆ ಎಂದು ಎಲ್ಲರ ಕ್ಷಮೆ ಕೇಳಿ ತೆರೆದು ನೋಡಿದ. ನೋಡಿದವನು ತಲೆ ಎತ್ತಿ ಬಸಂತರಾಯರನ್ನು ನೋಡಿದ. ಮತ್ತೆ ಫೋನು ನೋಡಿದ. ಮನೆಯ ಮೇಲಿನ ಗಾಳಿ ಚೆನ್ನಾಗಿರಬೇಕಲ್ಲವೇ, ಒಂದು ನಿಮಿಷ ಮಾಳಿಗೆಗೆ ಹೋಗೋಣವೇ ಎಂದು ಕೇಳಿದ.

ಮಾಳಿಗೆಯ ಮೇಲೆ ಸುಡುಬಿಸಿಲಿತ್ತು. "ಅಂಡೋರಾದಿಂದ ಒಬ್ಬರು ಇವತ್ತ ಖಾತೆ ತೆರದಾರ್ರಿ," ಎಂದು ಹುಡುಗ ಮೆಲ್ಲಗೆ ಹೇಳಿದ. "ಇಂಡಿ ಊರಿನ ಆಧಾರ ಕಾರ್ಡು ಹಚ್ಚ್ಯಾರ. ಒಂದ ಆಟಾನೂ ಆಡ್ಯಾರ."

ಬಸಂತರಾಯರು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದರು. ಹುಡುಗ ನಗಲಿಲ್ಲ. ನಿಮ್ಮ ಮಾತು ನಂಬುತ್ತೇನೆ, ಇಲ್ಲಿಯ ಕಾಯ್ದೆ ಆಡಿಸುವವರ ಬೆನ್ನು ಹತ್ತುತ್ತದೆಯೇ ಹೊರತು ನಿಮ್ಮಂಥವರದ್ದಲ್ಲ, ಅದಕ್ಕೆ ಹೆದರಬೇಡಿ ಎಂದ. ತೊಂದರೆ ಬೇರೆಯದು. ನೌಕರರ ಹತ್ತಿರದ ಸಂಬಂಧಿಕರು ಆಟಗಾರರಾಗಿರಕೂಡದು ಎಂಬುದು ಕಂಪನಿಯ ನಿಯಮ. ಖಾತೆ ಮುಚ್ಚಬಹುದು, ಆದರೆ ಹೆಸರು ಅಳಿಸಲು ಬರುವುದಿಲ್ಲ. ಐದು ವರ್ಷ ಇಡಬೇಕೆಂದು ಅಲ್ಲಿಯ ಕಾನೂನೇ ಹೇಳುತ್ತದೆ. ತಾನೇ ಮುಚ್ಚಿಟ್ಟರೆ ತಾನು ಮಾಡುವ ಕೆಲಸಕ್ಕೆ ಅರ್ಥವಿಲ್ಲ. ಈ ಮನೆಯ ಅಳಿಯನಾದರೆ ನೌಕರಿ ಹೋಗುತ್ತದೆ.

ಮೆಟ್ಟಿಲ ಬಾಗಿಲಲ್ಲಿ ಭಾಗ್ಯಜ್ಯೋತಿ ನಿಂತಿದ್ದಳು. ಎಲ್ಲ ಕೇಳಿಸಿತ್ತು. ತಂದೆಯ ಮುಖ ನೋಡಿದಳು, ಆಮೇಲೆ ಹುಡುಗನನ್ನೇ ನೇರವಾಗಿ ಕೇಳಿದಳು: "ಆ ನೌಕರಿ ಬಿಡಾಕ ನಿಮಗ ಮನಸ್ಸೈತೇನ್ರಿ?"

"ಕೆಲಸಕ್ಕ ಸೇರಿದಾಗಿಂದ ಐತ್ರಿ," ಎಂದ ಚೇತನಕುಮಾರ. "ದಿನಾ ಮಂದಿ ಮುಖ ನೋಡ್ತೇನಿ. ಸೋಲಾಕಂತನ ಸುಳ್ಳು ಹೇಳಿ ಒಳಗ ಬಂದಿರ್ತಾರ. ಒಬ್ಬರನ್ನ ಹೊರಗ ಹಾಕಿದ್ರ ಮತ್ತೊಬ್ಬರು ಬರ್ತಾರ. ಬಿಡಾಕ ಒಂದು ಕಾರಣ ಸಿಕ್ಕಿರಲಿಲ್ಲ."

ಬಸಂತರಾಯರು ಎಚ್ಚೆತ್ತರು. ಮಗಳನ್ನು ನೌಕರಿ ಇಲ್ಲದವನಿಗೆ ಕೊಡುವ ಮಾತು ಅವರ ಕಿವಿಗೆ ಆಗಷ್ಟೇ ತಲುಪಿತ್ತು. ಬಿಡಬಾರದು ಎಂದು ಅವರು ಹುಡುಗನ ಕೈ ಹಿಡಿದುಕೊಂಡರು. ಮಾಲ್ಟಾದಲ್ಲಿ ಜೂಜು ತಪ್ಪಲ್ಲ, ಸರಕಾರವೇ ಲೈಸೆನ್ಸ್ ಕೊಟ್ಟದ್ದು, ಕಾಯಿನ್ನಿಗೂ ಬೇರೆ ಒಪ್ಪಿಗೆ ಇದೆ, ಚೀನಾ ಜಪಾನಿನ ಮಾತು ಬಿಡಿ ಎಂದು ವಕೀಲನ ಪಾಠವನ್ನೆಲ್ಲ ಒಪ್ಪಿಸಿದರು. ಆ ಭರದಲ್ಲಿ ದನಿ ಏರಿದ್ದು ಅವರಿಗೆ ತಿಳಿಯಲಿಲ್ಲ. ಕೆಳಗೆ ಅಂಗಳದಲ್ಲಿ ಕೂತವರಿಗೆ, ಲಾಟರಿ ಚೀಟಿ ಸಹ ಮುಟ್ಟದ ಬಸಂತರಾಯರು ಜೂಜಿನ ಪರವಾಗಿ ವಾದಿಸುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಮಲ್ಲಣ್ಣ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ.

ಹುಡುಗ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲೇ ಫೋನು ಹಿಡಿದು, ಭಾಗ್ಯಜ್ಯೋತಿಯನ್ನು ಒಮ್ಮೆ ನೋಡಿ, ನೌಕರಿ ಬಿಟ್ಟೆನೆಂದು ಕಂಪನಿಗೆ ನಾಲ್ಕು ಸಾಲು ಬರೆದು ಕಳಿಸಿಬಿಟ್ಟ.

ಕೆಳಗಿಳಿದು ತಂದೆಗೆ ಹೇಳಿದ. ಯಾಕೆ ಬಿಟ್ಟೆ ಎಂಬುದನ್ನೂ ಹೇಳಿದ. ಹಿಂದೆಯೇ ಬಸಂತರಾಯರೂ ಇಳಿದು ಬಂದರು. ಗುರುಸಂಗಪ್ಪ ಮಾಸ್ತರರು ಎದ್ದು ಬಂದರು. ಬಯ್ಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಎಲ್ಲರೂ ಕಾದರು. ಮಾಸ್ತರರು ಬಸಂತರಾಯರನ್ನು ಅಪ್ಪಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಬಿಡು ಬಿಡು ಅಂತ ನಾ ಹೇಳಿದೆ, ಇವರವ್ವ ಅತ್ತಳು, ಸ್ವಾಮಿಗಳ ಕಡೆಯಿಂದ ಹೇಳಿಸಿದೆ. ಬಿಡಲಿಲ್ಲ," ಎಂದರು. "ಊರಾಗ ಮಗ ಏನ್ ಮಾಡ್ತಾನ ಅಂತ ಕೇಳಿದ್ರ ನಾ ತಲಿ ತಗ್ಗಿಸಿ ಹೋಗ್ತಿದ್ನಿ. ನೀವು ನಿಮ್ಮ ಹೆಸರ ಕೆಡಿಸಿಕೊಂಡು ನನ್ನ ಮಗನ್ನ ಹೊರಗ ತಂದ್ರಿ. ಇಷ್ಟು ಯೋಚನಿ ಮಾಡಿ ಕೆಲಸ ಮಾಡೂ ಮನಿಶ್ಯಾನ್ನ ನಾ ನೋಡಿದ್ದಿಲ್ಲ."

ಬಸಂತರಾಯರು ಬಾಯಿ ತೆರೆದರು. ಗೊತ್ತಿಲ್ಲದೆ ಆಯಿತು ಎಂದರೆ ತಾವು ದಡ್ಡರು. ಗೊತ್ತಿದ್ದೇ ಆಡಿದೆ ಎಂದರೆ ಜೂಜುಕೋರರು. ಮೂರನೆಯದೊಂದು ಇರುವುದಾದರೆ ಅದು ಮಾಸ್ತರರು ಹೇಳಿದ್ದೇ. ಮಲ್ಲಣ್ಣ ಕತ್ತು ಚಾಚಿ ಕಾಯುತ್ತಿದ್ದ. ಮಗಳು ಹುಡುಗನ ಪಕ್ಕದಲ್ಲಿ, ಬೆಳಗಿನಿಂದ ಮೊದಲ ಸಲ, ನಗುತ್ತಿದ್ದಳು.

"ಏನೋರಿ, ನನ್ನ ಕೈಲಾದಷ್ಟು ಮಾಡಿದ್ನಿ," ಎಂದರು ಬಸಂತರಾಯರು.

ರುಕ್ಮವ್ವ ಸಕ್ಕರೆ ತಂದಳು. ಮಾತು ಗಟ್ಟಿಯಾಯಿತೆಂದು ಎಲ್ಲರ ಬಾಯಿಗೂ ಹಾಕಿದಳು. ಮಾಸ್ತರರು ಇನ್ನೂ ಬೀಗರ ಹೆಗಲ ಮೇಲಿನ ಕೈ ತೆಗೆದಿರಲಿಲ್ಲ. ಹಗುರಾದ ಮನಸ್ಸಿನಿಂದ, ಇಷ್ಟು ಮುಂದಿನದನ್ನು ಯೋಚಿಸಿದವರು ಹುಡುಗನ ಮುಂದಿನ ಕೆಲಸವನ್ನೂ ಯೋಚಿಸಿಯೇ ಇರುತ್ತೀರಿ ಎಂದು ಹೇಳಿ, ಮಗನ ಬ್ಯಾಗನ್ನು ಕಾರಿನಿಂದ ಇಳಿಸಲು ಡ್ರೈವರನಿಗೆ ಕೈ ಮಾಡಿದರು.

"ಅಡತಿ ಮುಂಜಾನೆ ಎಷ್ಟಕ್ಕ ತೆಗೀತೀರಿ?" ಎಂದು ಕೇಳಿದರು.

ಬಸಂತರಾಯರು ಬಾಯಲ್ಲಿದ್ದ ಸಕ್ಕರೆಯನ್ನು ನುಂಗಿದರು.

"ಆರಕ್ಕರಿ," ಎಂದರು.