ಮೇಷ್ಟ್ರ ಬೇಸಿಗೆ ನೆಗಡಿ

ಸುಡುಬೇಸಿಗೆಯ ಭಾನುವಾರ ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲ ಮೇಲೆ ಸೀನಿದರು. ಒಂದು ಸಲವಲ್ಲ, ಸಾಲಾಗಿ ಮೂರು ಸಲ. ಅನರ್ಥಕ್ಕೆಲ್ಲ ಮೂಲ ಅದೇ.

ಕಾಗೆಗಳು ಕೂಡ ಬಾಯಿ ಬಿಟ್ಟುಕೊಂಡು ನೆರಳು ಹುಡುಕುತ್ತಿದ್ದ ಕಾಲ. ಅಂಥ ಸೆಕೆಯಲ್ಲಿ ಮೈಗೆ ಬೆವರುಸಾಲೆ ಎದ್ದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ನೆಗಡಿ ಬಂದರೆ ಅನುಮಾನ ಪಡುತ್ತಾರೆ. ಎದುರುಮನೆಯ ನರ್ಸಮ್ಮ ಬೀಗ ತೆಗೆಯುವುದನ್ನು ಬಿಟ್ಟು ತಿರುಗಿ ನೋಡಿದರು.

“ಏನ್ ಮೇಷ್ಟ್ರೇ, ಈ ಬಿಸಿಲಲ್ಲಿ ನೆಗಡೀನಾ?”

“ಧೂಳು ಕಣಮ್ಮಾ, ಬರೀ ಧೂಳು.”

“ಧೂಳಿಗೆ ಸೀನು ಬರತ್ತೆ, ಗಂಟಲು ಹೀಗೆ ಕಟ್ಟಲ್ಲ. ರಾತ್ರಿ ಎಲ್ಲಿ ಮಲಗ್ತೀರಿ?”

ಇದೆಂಥ ಪ್ರಶ್ನೆ! ಮೇಷ್ಟ್ರ ಎದೆ ಧಸಕ್ಕೆಂದಿತು. “ಇನ್ನೆಲ್ಲಿ, ಮನೇಲೇ,” ಎಂದವರೇ ಒಳಗೆ ನುಗ್ಗಿ ಚಿಲಕ ಹಾಕಿಕೊಂಡರು.

ಹೆದರಿಕೆಗೆ ಕಾರಣವಿತ್ತು. ಈ ಕಟ್ಟಡದಲ್ಲಿ ಯಾರೂ ಏಸಿ ಹಾಕಿಸಬಾರದೆಂದು ಎಲ್ಲರ ಕೈಲಿ ಪ್ರತಿಜ್ಞೆ ಮಾಡಿಸಿದ ಅಧ್ಯಕ್ಷರು ಇವರೇ. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದುದರಿಂದ ಭೂಮಿಯ ಪೂರ್ತಿ ಜವಾಬ್ದಾರಿ ತಮ್ಮ ತಲೆಯ ಮೇಲಿದೆ ಎಂದು ಮೇಷ್ಟ್ರು ತಿಳಿದಿದ್ದರು. “ನಿಮ್ಮ ಕೋಣೆ ತಂಪಾಯ್ತು ಸರಿ. ಆ ಬಿಸಿಗಾಳಿ ಎಲ್ಲಿಗೆ ಹೋಯ್ತು? ಪಕ್ಕದವರ ಮೂತಿಗೆ!” ಎಂದು ಸಭೆಯಲ್ಲಿ ಮೇಜು ಕುಟ್ಟಿದ್ದರು. ಪ್ರತಿ ಬಾಲ್ಕನಿಗೂ ದಟ್ಟವಾಗಿ ಬಳ್ಳಿ ಹಬ್ಬಿಸೋಣ ಎಂದಾಗ ಜನ ಎಷ್ಟು ಹುರುಪಿನಿಂದ ಒಪ್ಪಿದ್ದರೆಂದರೆ ಮೇಷ್ಟ್ರ ಕಣ್ಣಲ್ಲಿ ನೀರು ಬಂದಿತ್ತು.

ಪ್ರತಿಜ್ಞೆ ಮುರಿದವರಿಗೆ ಶಿಕ್ಷೆಯನ್ನೂ ಅವರೇ ಯೋಚಿಸಿ ಇಟ್ಟಿದ್ದರು. ಬೇಸಿಗೆ ಮುಗಿಯುವ ತನಕ ತಾರಸಿಯ ತೋಟಕ್ಕೆ ಬಕೆಟ್ಟಿನಲ್ಲಿ ನೀರು ಹೊರಬೇಕು. ಲಿಫ್ಟ್ ಮುಟ್ಟುವಂತಿಲ್ಲ. ಟ್ಯಾಂಕಿನ ನೀರನ್ನೂ ಮುಟ್ಟುವಂತಿಲ್ಲ. ಮನೆಮನೆಯವರು ತರಕಾರಿ ತೊಳೆದ ನೀರನ್ನು ಚೆಲ್ಲದೆ ಬಾಗಿಲಾಚೆ ಇಡುತ್ತಾರೆ, ಅದನ್ನು ಹೊರಬೇಕು.

ಇಂಥ ಮೇಷ್ಟ್ರೇ ಜಾರಿಬಿದ್ದರು. ರಾತ್ರಿಯೆಲ್ಲ ಸೆಕೆಗೆ ಹೊರಳಾಡಿ, ಹಗಲು ತರಗತಿಯಲ್ಲಿ ಮರುಭೂಮಿಯ ಪಾಠ ಮಾಡುತ್ತ ನಿಂತಲ್ಲೇ ಗೊರಕೆ ಹೊಡೆದರು. ಹೆಡ್ಮಾಸ್ಟರು ಕರೆದು ಉಗಿದರು. ಆಗ ಹೆಂಡತಿಯ ತಮ್ಮ ತನ್ನ ಹಳೆಯ ಕಿಟಕಿ ಏಸಿ ಕೊಡುತ್ತೇನೆಂದ. ಮೇಷ್ಟ್ರು ಕಟ್ಟಡದವರನ್ನೆಲ್ಲ ಸಸಿ ನೆಡಲು ಊರಾಚೆ ಅಟ್ಟಿ, ತಮ್ಮ ಕಾಲು ಉಳುಕಿದೆಯೆಂದು ಹೇಳಿ ಮನೆಯಲ್ಲೇ ಉಳಿದು, ಹಿಂದಿನ ಬಾಲ್ಕನಿಯ ಬಳ್ಳಿ ಮರೆಯಲ್ಲಿ ಅದನ್ನು ಕೂರಿಸಿಕೊಂಡರು.

“ನರ್ಸಮ್ಮಂಗೆ ವಾಸನೆ ಹತ್ತಿದೆ ಕಣೇ,” ಎಂದರು ಈಗ, ಹೆಂಡತಿಯ ಹತ್ತಿರ.

“ಅದಕ್ಕೇ ಹೇಳಿದ್ದು, ಮೊದಲೇ ಒಪ್ಕೊಂಡ್ಬಿಡಿ ಅಂತ.”

“ಒಪ್ಕೊಂಡ್ರೆ ನನ್ನ ಮಾನ? ಸಂಜೆ ಸಭೆ ಬೇರೆ ಇದೆ. ಅಧ್ಯಕ್ಷನ ಕುರ್ಚೀಲಿ ಕೂತು ಯಾವ ಮುಖ ಎತ್ತಲಿ?”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ಅಜ್ಜಿ, ಅಂದರೆ ಕಟ್ಟಡದ ಕಾರ್ಯದರ್ಶಿಯಾದ ವಕೀಲರ ತಾಯಿ. ಕೈಯಲ್ಲಿ ಬೆಡ್‌ಶೀಟು, ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಕಾಲುಚೀಲ. ವಯಸ್ಸಾದವರಲ್ಲವೇ, ರಕ್ತ ತಣ್ಣಗಿರುತ್ತದೆ ಎಂದುಕೊಂಡರು ಮೇಷ್ಟ್ರು.

“ಮುಟ್ಟಿ ನೋಡಪ್ಪಾ ಇದನ್ನ. ಬಾಲ್ಕನೀಲಿ ಹರವಿ, ಕಾಫಿ ಕುಡಿದು ಬರೋದ್ರಲ್ಲಿ ಗರಿಗರಿ! ನಿಮ್ಮ ಬಾಲ್ಕನಿ ಕಡೆಯಿಂದ ಅದೇನು ಗಾಳಿ ಬರತ್ತೋ, ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ!”

“ಬಿಸಿಲು ಅಜ್ಜೀ, ಬಿಸಿಲು,” ಎಂದು ಮೇಷ್ಟ್ರು ಒಣನಗೆ ನಕ್ಕರು.

“ನಮ್ಮ ಬಾಲ್ಕನಿ ನೆರಳಲ್ಲಿದೆ ಕಣಪ್ಪ,” ಎಂದು ಅಜ್ಜಿ ಟೋಪಿ ಸರಿಮಾಡಿಕೊಂಡು ಹೋದರು.

ಮೇಷ್ಟ್ರು ಓಡಿಹೋಗಿ ಏಸಿ ಆರಿಸಿದರು. ಬಾಲ್ಕನಿಗೆ ಹೋಗಿ ನೋಡಿದರೆ ಇನ್ನೊಂದು ಗ್ರಹಚಾರ. ಏಸಿಯ ಬಿಸಿಯುಸಿರಿಗೆ ಬಳ್ಳಿ ಸುಟ್ಟು ಕರಕಲಾಗಿ, ಮರೆಯಲ್ಲಿದ್ದ ಅರ್ಧ ಪೆಟ್ಟಿಗೆ ಹಲ್ಲು ಕಿರಿಯುತ್ತಿತ್ತು. ಕೆಳಗಿನ ಅಂಗಳದಲ್ಲೇ ಸಂಜೆ ಸಭೆ! ಯಾರಾದರೂ ಕತ್ತೆತ್ತಿದರೆ ಕತೆ ಮುಗಿಯಿತು. ಮೇಷ್ಟ್ರು ಕಳ್ಳಹೆಜ್ಜೆಯಲ್ಲಿ ತಾರಸಿಗೆ ಹೋಗಿ, ತೋಟದ ಹಸಿರು ಬಳ್ಳಿಯನ್ನು ಒಂದು ತೋಳು ತುಂಬ ಕಿತ್ತುತಂದರು. ಗಂಡಹೆಂಡಿರು ಕೂತು ಒಣಗಿದ ಬಳ್ಳಿಗೆ ಹಸಿ ಎಲೆಗಳನ್ನು ನೂಲಿನಿಂದ ಕಟ್ಟಿದರು.

“ಭೂಮಿ ಉಳಿಸೋದು ಅಂದ್ರೆ ಇದೇನಾ?” ಎಂದಳು ಹೆಂಡತಿ.

“ಗಂಟು ಬಿಗಿಯಾಗಿ ಹಾಕು,” ಎಂದರು ಮೇಷ್ಟ್ರು.

ಊಟಕ್ಕೆ ಕೂತಿದ್ದಾಗ ಫೋನಿಗೆ ವಕೀಲರ ಸಂದೇಶ ಬಂತು: ‘ನಮ್ಮೊಳಗೇ ಒಬ್ಬ ದ್ರೋಹಿ ಇದ್ದಾನೆ. ಸಂಜೆಯ ಸಭೆಗೆ ಎಲ್ಲರೂ ತಪ್ಪದೆ ಬನ್ನಿ.’

ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. ವಿಷಯವೇನೆಂದು ತಿಳಿಯಲು ಮೇಷ್ಟ್ರು ವಕೀಲರ ಮನೆಗೆ ಓಡಿದರು. ವಕೀಲರು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ಆ ಸಂದಿಗೆ ತಮ್ಮ ಹೊಟ್ಟೆಯನ್ನು ಅಡ್ಡವಿಟ್ಟರು. ಒಳಗೆ ಬನ್ನಿ ಎನ್ನಲಿಲ್ಲ.

“ಏನ್ ಸಾರ್ ವಿಷಯ?”

“ಸಭೇಲೇ ಹೇಳ್ತೀನಿ, ಅಧ್ಯಕ್ಷರೇ.” ಬಾಗಿಲು ಪಟ್ಟನೆ ಮುಚ್ಚಿತು.

ನೆಗಡಿಗೆ ಮಾತ್ರೆ ಕೇಳಲು ಹೋದರೆ ನರ್ಸಮ್ಮನೂ ಸಂದಿಯಿಂದಲೇ ಕೈ ಚಾಚಿ ಕೊಟ್ಟರು. ಹಿಂದೆ ಕಿಟಕಿಗಳೆಲ್ಲ ಮುಚ್ಚಿ, ಪರದೆ ಎಳೆದಿತ್ತು. ಮುಂಚೆ ಕರೆದು ಕೂರಿಸಿ ಮಾತಾಡಿಸುತ್ತಿದ್ದ ಜನ! ಎಲ್ಲರಿಗೂ ಗೊತ್ತಾಗಿದೆ, ಎಲ್ಲರೂ ಸೇರಿ ತಮ್ಮನ್ನು ದೂರ ಇಟ್ಟಿದ್ದಾರೆ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು.

ಸಂಜೆ ಅಂಗಳದಲ್ಲಿ ಎಲ್ಲರೂ ಸೇರಿದರು. ಅಂದು ಯಾರ ಮುಖದಲ್ಲೂ ನಗುವಿರಲಿಲ್ಲ. ಒಬ್ಬರನ್ನೊಬ್ಬರು ಕಳ್ಳಗಣ್ಣಿನಿಂದ ನೋಡುತ್ತಿದ್ದರು. ವಕೀಲರು ಎದ್ದು ಗಂಟಲು ಸರಿಮಾಡಿಕೊಂಡರು.

“ನಾವೆಲ್ಲ ಕೂಡಿ ಮಾಡಿದ ಹಸಿರು ಕೆಲಸಕ್ಕೆ ಒಬ್ಬರು ದ್ರೋಹ ಬಗೆದಿದ್ದಾರೆ. ಹೆಸರು ಹೇಳೋ ಮುಂಚೆ ಅವರೇ ಎದ್ದು ನಿಂತರೆ ಮರ್ಯಾದೆ.”

ನರ್ಸಮ್ಮನ ಮುಖ ಬಿಳಿಚಿಕೊಂಡಿತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ನಾನೇ! ನನ್ನ ಮನೇಲೇ ಏಸಿ ಇರೋದು! ನಿದ್ದೆಯಿಲ್ಲದೆ ಸಾಯ್ತಿದ್ದೆ ಸ್ವಾಮೀ, ಕ್ಷಮಿಸಿಬಿಡಿ!”

ಇಡೀ ಅಂಗಳ ಒಟ್ಟಿಗೆ ಉಸ್ಸೆಂದು ಉಸಿರು ಬಿಟ್ಟಿತು. ತಮಗಾಗಿ ಎಷ್ಟು ನೊಂದುಕೊಂಡರಲ್ಲ ಎಂದು ಮೇಷ್ಟ್ರು ಇನ್ನಷ್ಟು ಕುಗ್ಗಿದರು.

“ಏಸಿ?” ವಕೀಲರು ಕಣ್ಣು ಪಿಳಿಪಿಳಿ ಬಿಟ್ಟರು. “ನಾನು ಹೇಳೋಕೆ ಹೊರಟಿದ್ದು ತಾರಸಿ ಬಳ್ಳಿ ಯಾರೋ ಕಿತ್ತಿದ್ದಾರೆ ಅಂತ.”

“ಅದೂ ನಾನೇ,” ಎಂದರು ಮೇಷ್ಟ್ರು.

ಆಮೇಲೆ ಕೇಳಬೇಕೇ! ಛೀ ಎಂದವರೆಷ್ಟು, ಥೂ ಎಂದವರೆಷ್ಟು. ಎಲ್ಲರಿಗಿಂತ ಜೋರಾಗಿ ನರ್ಸಮ್ಮ, “ಮಕ್ಕಳಿಗೆ ಪಾಠ ಹೇಳೋರು ಹೀಗೆ ಮಾಡಬಹುದಾ?” ಎಂದು ಕೂಗಿದರು. ಅಧ್ಯಕ್ಷಗಿರಿ ಅಲ್ಲೇ ಹೋಯಿತು. ಏಸಿಯನ್ನು ಸಾಕ್ಷಿಯ ವಸ್ತುವೆಂದು ವಕೀಲರು ವಶಪಡಿಸಿಕೊಂಡು ನಾಲ್ಕು ಜನರಿಂದ ತಮ್ಮ ಮನೆಗೆ ಹೊರಿಸಿದರು. ಶಿಕ್ಷೆ ಈ ಗಳಿಗೆಯಿಂದಲೇ ಶುರು ಎಂದು ತೀರ್ಮಾನವಾಯಿತು.

ಮೇಷ್ಟ್ರು ಪಂಚೆ ಮೇಲೆ ಕಟ್ಟಿ ಹೊರಟರು. ಪರವಾಗಿಲ್ಲ, ಜನ ಧಾರಾಳಿಗಳು. ಅಷ್ಟರಲ್ಲೇ ಪ್ರತಿ ಬಾಗಿಲಾಚೆಯೂ ಒಂದೊಂದು ತುಂಬಿದ ಬಕೆಟ್ಟು ಬಂದು ಕೂತಿತ್ತು. ನರ್ಸಮ್ಮನ ಮನೆಯ ಬಕೆಟ್ಟಿಗೆ ಕೈ ಹಾಕಿದವರು ಹಾಗೇ ನಿಂತರು. ನೀರು ತಣ್ಣಗಿತ್ತು. ಮಣ್ಣಿಲ್ಲ, ಸಿಪ್ಪೆಯಿಲ್ಲ, ಒಂದು ಸೊಪ್ಪಿನೆಲೆ ತೇಲುತ್ತಿಲ್ಲ. ದಿನಾ ಬೆಳಿಗ್ಗೆ ತಾವು ಬಾಲ್ಕನಿಯಲ್ಲಿ ಏಸಿಯ ಕೆಳಗಿಂದ ಕದ್ದು ಎತ್ತಿ ಚೆಲ್ಲುತ್ತಿದ್ದ ನೀರೇ ಇದು, ಗುರುತು ತಪ್ಪುವ ಮಾತೇ ಇಲ್ಲ. ಪಕ್ಕದ ಬಕೆಟ್ಟು ನೋಡಿದರು. ಅದೂ ಅದೇ. ಅದರಾಚೆಯದೂ ಅದೇ.

ಬಾಗಿಲು ಬಡಿದರು. ಗೇಣಗಲದ ಸಂದಿಯಿಂದ ತಂಗಾಳಿ ಬಂದು ಮೊಣಕಾಲಿಗೆ ಬಡಿಯಿತು.

“ಯಾವ ತರಕಾರಿ ತೊಳೆದ್ರಮ್ಮಾ ಇದ್ರಲ್ಲಿ?”

ನರ್ಸಮ್ಮ ಚೂರೂ ಅಳುಕಲಿಲ್ಲ. “ಯಾವುದಾದ್ರೇನು ಮೇಷ್ಟ್ರೇ? ಎದ್ದು ನಿಂತು ಒಪ್ಕೊಂಡಿದ್ದು ನೀವೊಬ್ರೇ ಅಲ್ವಾ? ನಿಮ್ಮ ಮಾತು ಇನ್ನು ಯಾರು ನಂಬ್ತಾರೆ?” ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಮೇಷ್ಟ್ರು ಎರಡೂ ಕೈಲಿ ಬಕೆಟ್ಟು ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಬಾಲ್ಕನಿ ಬಾಲ್ಕನಿಗೂ ಜನ ಅಷ್ಟು ಹುರುಪಿನಿಂದ ಬಳ್ಳಿ ಹಬ್ಬಿಸಿದ್ದೇಕೆಂದು ಈಗ ಅರ್ಥವಾಯಿತು. ಮೇಲಿನ ಮನೆಯ ಹೊಸ್ತಿಲಲ್ಲಿ ಅಜ್ಜಿ ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿದ್ದರು. ಮುಖದಲ್ಲಿ ನಿಜವಾದ ಕನಿಕರವಿತ್ತು.

“ಅಯ್ಯೋ ಪಾಪ, ನಿಧಾನ ಕಣಪ್ಪಾ. ನಮ್ಮದನ್ನ ಕೊನೇಗೆ ತಗೊಂಡು ಹೋಗು. ಇವತ್ತಿಂದ ಎರಡು ಓಡ್ತಿವೆ, ಬಕೆಟ್ಟು ಇನ್ನೂ ತುಂಬ್ತಾ ಇದೆ.”

ಮೇಷ್ಟ್ರು ತಾರಸಿ ಹತ್ತಿ, ತಾವೇ ಕಿತ್ತ ಬಳ್ಳಿಯ ಬುಡಕ್ಕೆ ನೀರು ಹಾಕಿದರು. ಸುತ್ತಲಿಂದ ಬಿಸಿಗಾಳಿ ಮೇಲೆದ್ದು ಮುಖಕ್ಕೆ ರಾಚುತ್ತಿತ್ತು. ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ನೆಗಡಿ ಮಾತ್ರ ಪೂರ್ತಿ ಬಿಟ್ಟುಹೋಗಿತ್ತು.