ತಡೆಯಲಾರದೆ ಎದ್ದು ಹೋದೆ

ಅರವತ್ತು ದಾಟಿದ ಗಂಡಸಿಗೆ ಇಬ್ಬರು ಸಾಹೇಬರು. ಒಬ್ಬಳು ಅಡುಗೆಮನೆಯಲ್ಲಿ, ಇನ್ನೊಬ್ಬ ಹೊಟ್ಟೆಯ ಕೆಳಗೆ. ಇಬ್ಬರೂ ಕರೆದ ಕೂಡಲೆ ಓಡಬೇಕು. ಎರಡನೆಯವನಂತೂ ಓಡಿ ಹೋದ ಮೇಲೆ ‘ಏನಿಲ್ಲ, ಸುಮ್ಮನೆ ಕರೆದೆ’ ಅನ್ನುತ್ತಾನೆ. ಹೀಗಾಗಿ ನನಗೆ ದಿನಕ್ಕೊಂದು ಫಜೀತಿ.

ಹೇಮಗುಡ್ಡದ ಭಕ್ತರು

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನಾನು ಭಾಗ್ಯನಗರದ ಮನೆಗೆ ಬಸ್ಸಿನಲ್ಲೇ ಬರುತ್ತಿದ್ದೆ. ಒಮ್ಮೆ ಹೇಮಗುಡ್ಡದ ಹತ್ತಿರ ತಡೆಯಲಾಗಲಿಲ್ಲ. ಬಸ್ ತುಂಬ ಹೆಣ್ಣುಮಕ್ಕಳು, ಖರೇ ಹೇಳಲು ನಾಚಿಕೆ. ಗುಡ್ಡದ ದೇವಿಗೆ ಕೈ ಮುಗಿದು ಬರುತ್ತೇನೆ, ನಿಲ್ಲಿಸು ಎಂದು ಕಂಡಕ್ಟರ್‌ಗೆ ಹೇಳಿದೆ. ಇಳಿದು ಜಾಲಿಗಿಡದ ಮರೆಗೆ ಹೋದರೆ ನನ್ನ ಹಿಂದೆಯೇ ಆರೇಳು ಮುದುಕರು. ಎಲ್ಲರೂ ಹತ್ತಿದ ಮೇಲೆ ಕಂಡಕ್ಟರ್ ಕೇಳಿದ: “ದೇವಿ ಗುಡ್ಡದ ಕಡೆ ಅದಾಳ್ರಿ. ನೀವೆಲ್ಲಾ ಜಾಲಿಗಿಡಕ್ಕ ಯಾಕ ಮುಖ ಮಾಡಿ ನಿಂತಿದ್ರಿ?”

ಕೊನೆಯ ಹೊಲ

ಹೆಂಡತಿ ಕೊಪ್ಪಳದ ಡಾಕ್ಟರ ಹತ್ತಿರ ಎಳೆದೊಯ್ದಳು. ಮೂತ್ರ ಸರಾಗ ಬರುತ್ತದೆಯೇ ಎಂದು ಅವರು ಕೇಳಿದರೆ ನಾನು ಛಲೋ ಬರುತ್ತದೆ ಎಂದೆ. ಅವಳು ಬಿಡಲಿಲ್ಲ.

“ಕಾಲುವಿ ಕೊನೀ ಹೊಲ ಆಗೈತ್ರಿ. ತೂಬು ಎತ್ತಿ ನಿಂತಾಗ ನೀರು ಬರಂಗಿಲ್ಲ. ತೂಬು ಇಳಿಸಿ ಮನಿಗೆ ಬಂದ ಮ್ಯಾಲ ಬರ್ತೈತಿ.”

ಡಾಕ್ಟರು ನಕ್ಕು ಗುಳಿಗೆ ಬರೆದರು. ಮರ್ಯಾದೆ ಹೋಯಿತೆಂಬ ಸಿಟ್ಟಿಗೆ ನಾನು ಗುಳಿಗೆ ನುಂಗಲಿಲ್ಲ.

ಯಲಬುರ್ಗಾದ ಜಮಖಾನೆ

ಅದೇ ವಾರ ಮಗಳ ಮದುವೆ ಮಾತಿಗೆ ಯಲಬುರ್ಗಾಕ್ಕೆ ಹೋದೆವು. ಮಗಳು ಸಾಲಿ ಟೀಚರ್. ಹುಡುಗನನ್ನು ಒಪ್ಪಿದ್ದಳು, ಆದರೆ ನೌಕರಿ ಬಿಡೆನೆಂದು ಹೇಳಿ ಕಳಿಸಿದ್ದಳು. ನಮ್ಮಲ್ಲಿ ಮಾತು ಮುಗಿಯದೆ ಹೆಣ್ಣಿನ ಅಪ್ಪನಾಗಲಿ ಗಂಡಿನ ಅಪ್ಪನಾಗಲಿ ಜಮಖಾನೆಯಿಂದ ಎದ್ದರೆ ಸಂಬಂಧ ಬೇಡವೆಂದೇ ಅರ್ಥ.

ಮದುವೆ ತಮ್ಮೂರಲ್ಲೇ ಆಗಬೇಕು ಎಂದರು ಹುಡುಗನ ಅಪ್ಪ. ಆಗಲೇ ನನಗೆ ಎರಡನೆಯ ಸಾಹೇಬನ ಕರೆ ಬಂತು, ಎದ್ದು ಹೋದೆ. ವಾಪಸ್ ಬಂದಾಗ, ಭಾಗ್ಯನಗರದಲ್ಲೇ ಮಾಡಿರಿ ಎಂದರು. ಆಮೇಲೆ, ಹುಡುಗಿ ನೌಕರಿ ಬಿಡಬೇಕು ಎಂದರು. ನಾನು ಬಾಯಿ ತೆರೆಯುವುದರೊಳಗೆ ಮತ್ತೆ ಕರೆ. ಹಿತ್ತಲಿಂದ ಬರುವಷ್ಟರಲ್ಲಿ, ನೌಕರಿ ಇರಲಿ ಎಂದು ಅವರೇ ಬಿಟ್ಟುಕೊಟ್ಟಿದ್ದರು.

ಮಾತು ಪಕ್ಕಾ ಆಗಿ ಸಕ್ಕರೆ ಹಂಚಿದ್ದೇ ತಡ, ಹುಡುಗನ ಅಪ್ಪ ದಡದಡ ಎದ್ದು ಹೊರಗೆ ನಡೆದರು. ಸಿಟ್ಟಾದರೇನೋ ಎಂದು ಹೆದರಿ ಹಿಂದೆ ಓಡಿದೆ. ಹಿತ್ತಲ ಗೋಡೆಗೆ ಮುಖ ಮಾಡಿ ನಿಂತಿದ್ದ ಅವರು ತಿರುಗದೆಯೇ ಹೇಳಿದರು: “ನೀವು ಎರಡು ಸಲ ಎದ್ದು ಹೋದ್ರಿ, ಬೀಗರ. ನಾನೂ ಎದ್ದಿದ್ರ ಸಂಬಂಧ ಮುರೀತಿತ್ತು. ಲಗೂ ಮುಗೀಲಿ ಅಂತ ಎಲ್ಲಾದಕ್ಕೂ ಹೂಂ ಅಂದೆ.”

ನಾನೂ ಪಕ್ಕದಲ್ಲಿ ನಿಂತೆ.

ತನ್ನ ನೌಕರಿ ಸಲುವಾಗಿ ಅಪ್ಪ ಸಭೆ ಬಿಟ್ಟು ಎದ್ದಿದ್ದರು ಎಂದು ಮಗಳು ಇವತ್ತಿಗೂ ಕಂಡವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾಳೆ. ಬೀಗರೂ ನಾನೂ ಆಗ ಸುಮ್ಮನೆ ಎದ್ದು ಹಿತ್ತಲಿಗೆ ಹೋಗುತ್ತೇವೆ.