ಕೇಳಿ ತಂದ ಗಿಡ ಚಿಗುರುವುದಿಲ್ಲ

ಸಸ್ಯಶಾಸ್ತ್ರ ಓದಿದವನಿಗೆ ಗಿಡಗಳಿಂದ ತೊಂದರೆ ಬರುವುದಿಲ್ಲ. ಗಿಡ ಸಾಕುವವರಿಂದ ಬರುತ್ತದೆ, ತಪ್ಪದೆ, ವಾರಕ್ಕೊಂದರಂತೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಆದರೆ ಕಳೆದ ಮುಂಗಾರಿನ ಹದಿನೈದು ದಿನದಲ್ಲಿ ಕಲಿತಷ್ಟನ್ನು ಅಲ್ಲಿ ಕಲಿಯಲಿಲ್ಲ.

ಭದ್ರಾವತಿಯ ಕಾರ್ಖಾನೆ ಕಡೆ ಒಂದು ಹಳೆಯ ಬಂಗಲೆ. ಅದರ ಮುಂದೆ ಇಂಗ್ಲಿಷ್ ಶೈಲಿಯ ತೋಟ: ಅಳತೆ ಹಿಡಿದು ಕತ್ತರಿಸಿದ ಬೇಲಿ, ನಡುವೆ ಕಲ್ಲಿನ ನೆರಳು ಗಡಿಯಾರ, ಅದರ ಸುತ್ತ ನರ್ಸರಿಯವರು ಮರೆತೇಬಿಟ್ಟಿರುವ ಪನ್ನೀರು ಗುಲಾಬಿ. ಬಂಗಲೆ ಕೊಂಡವರಿಗೆ ಕಾರು ನಿಲ್ಲಿಸಲು ಜಾಗ ಬೇಕಾಯಿತು. ‘ಹದಿನೈದು ದಿನ ಟೈಮು, ಆಮೇಲೆ ಜೆಸಿಬಿ. ಅಷ್ಟರಲ್ಲಿ ಯಾರು ಏನು ಬೇಕಾದ್ರೂ ಕಿತ್ಕೊಂಡು ಹೋಗ್ಲಿ’ ಎಂದರು ಅವರ ಮ್ಯಾನೇಜರ್.

ಅಲ್ಲಿನ ಮಾಲಿ ತಮಿಳು ಮನೆಮಾತಿನ ಹಿರಿಯರು. ಮೂವತ್ತು ವರ್ಷ ಅದೇ ತೋಟ ನೋಡಿಕೊಂಡವರು ಒಂದು ಹೂವನ್ನೂ ಮನೆಗೆ ಒಯ್ದಿರಲಿಲ್ಲ. ‘ಕಾಯೋನು ಕೀಳಬಾರದು’ ಎಂಬುದು ಅವರ ಸಿದ್ಧಾಂತ. ನನ್ನನ್ನು ಹುಡುಕಿಕೊಂಡು ಬಂದು ಹೇಳಿದರು: ‘ಬಂಗಲೆ ಏನಾದ್ರೂ ಆಗ್ಲಿ ಸಾರ್. ರೋಜಾ ಉಳೀಬೇಕು. ನೀವು ಓದಿದೋರು, ಏನಾದ್ರೂ ಮಾಡಿ.’

ಮಾಡುತ್ತೇನೆ ಎಂದೆ. ಜೆಸಿಬಿಗೆ ಸೋಲುವುದಕ್ಕೆ ಎಂಎಸ್ಸಿ ಮಾಡಿರಲಿಲ್ಲ.

ಸ್ವರ್ಗದಲ್ಲಿ ಪಾರ್ಕಿಂಗ್

ಮೊದಲು ಹೋದದ್ದು ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿಯೊಬ್ಬರ ಹತ್ತಿರ. ಹೊಸ ಮನೆ ಕಟ್ಟಿಸಿದ್ದರು. ದಿಲ್ಲಿಗೆ ಹೋಗಿ ಬಂದಿದ್ದರು. ಎರಡೂ ಸೇರಿ ರೋಗ ಉಲ್ಬಣಿಸಿತ್ತು.

‘ಸಾರ್, ನಂಗೆ ಮೊಘಲ್ ಗಾರ್ಡನ್ನೇ ಬೇಕು.’

ಜಾಗ ಗೇಟಿನಿಂದ ಮೆಟ್ಟಿಲಿನವರೆಗೆ ಇತ್ತು, ಅಷ್ಟೇ. ಆದರೂ ವಿವರಿಸಿದೆ: ಮೊಘಲರ ತೋಟವೆಂದರೆ ಭೂಮಿಗಿಳಿದ ಸ್ವರ್ಗ, ನೀರಿನ ಕಾಲುವೆಗಳು ಅದನ್ನು ನಾಲ್ಕು ಭಾಗ ಮಾಡಬೇಕು, ತುಂಬ ಗುಲಾಬಿ ಇರಬೇಕು. ಗುಲಾಬಿಯನ್ನು ಭದ್ರಾವತಿಯಿಂದ ನಾನೇ ತಂದುಕೊಡುತ್ತೇನೆ.

ಅವರ ವಾಸ್ತು ಪಂಡಿತರು ಬಂದರು. ಆಗ್ನೇಯದಲ್ಲಿ ನೀರು ಬೇಡ, ನೈಋತ್ಯದಲ್ಲಿ ತಗ್ಗು ಬೇಡ, ಬಾಗಿಲೆದುರು ಮುಳ್ಳು ಬೇಡ ಎಂದರು. ನಾಲ್ಕು ಭಾಗ ಮಾತ್ರ ಉಳಿಯಿತು. ಒಂದರಲ್ಲಿ ಸಂಪು, ಒಂದರಲ್ಲಿ ಬೋರ್‌ವೆಲ್, ಒಂದರಲ್ಲಿ ತುಳಸಿಕಟ್ಟೆ, ಒಂದರಲ್ಲಿ ಸ್ಕೂಟರ್.

‘ಗುಲಾಬಿ?’ ಎಂದೆ.

‘ಹಳೇ ಗಿಡ ಯಾಕೆ ಸಾರ್? ಮನೆ ಹೊಸದಲ್ವಾ?’

‘ಸ್ವರ್ಗ ಅಂದಿದ್ರಿ.’

‘ಸ್ವರ್ಗಕ್ಕೂ ನಡ್ಕೊಂಡು ಹೋಗಕ್ಕಾಗುತ್ತಾ ಸಾರ್? ಗಾಡಿ ಬೇಕೇ ಬೇಕಲ್ಲ.’

ಶುದ್ಧ ದೇಶಿ ಭಾಷಣ

ನವುಲೆ ಕಡೆ ಒಂದು ವನಮಹೋತ್ಸವ. ಮುಖ್ಯ ಅತಿಥಿ ಊರಿಗೆ ಗೊತ್ತಿರುವ ಭಾಷಣಕಾರರು. ಅವರು ಬಾಯಿ ಬಿಟ್ಟರೆ ನಾಲ್ಕು ಜನ ಕೇಳುತ್ತಾರೆ, ತೋಟದ ಪರವಾಗಿ ಒಂದು ಮಾತು ಆಡಿಸೋಣ ಎಂದು ಹೋದೆ. ಅವರು ಆಗಲೇ ಶುರು ಮಾಡಿದ್ದರು: ‘ವಿದೇಶಿ ಗಿಡಗಳನ್ನು ಕಿತ್ತೆಸೆಯಿರಿ! ಇದು ನಮ್ಮ ಮಣ್ಣು!’

ಕೊರಳಲ್ಲಿ ಚೆಂಡು ಹೂವಿನ ಹಾರ. ಅದರ ತವರು ಮೆಕ್ಸಿಕೊ. ನಡುವೆ ಪೋಣಿಸಿದ್ದ ಸುಗಂಧರಾಜವೂ ಅಲ್ಲಿಯದೇ. ಭಾಷಣ ಮುಗಿಸಿ ಅವರು ಜೈಕಾರದ ನಡುವೆ ನೆಟ್ಟ ಗುಲ್‌ಮೊಹರ್ ಸಸಿ ಮಡಗಾಸ್ಕರಿನದು. ಉಪ್ಪಿಟ್ಟಿನ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಉಪ್ಪಿಟ್ಟಿನಲ್ಲಿರುವ ಹಸಿಮೆಣಸಿನಕಾಯಿ, ಗೋಡಂಬಿ ಎರಡೂ ಸಮುದ್ರ ದಾಟಿ ಬಂದವು ಎಂದೂ ಸೇರಿಸಿದೆ.

‘ನಿಮ್ದೊಂದು ತಕರಾರು ಮಾರಾಯ್ರೆ’ ಎಂದರು. ಭದ್ರಾವತಿಯ ವಿಷಯ ಎತ್ತಿದೆ. ‘ಅದು ಇಂಗ್ಲಿಷ್ ತೋಟ. ಗುಲಾಮಗಿರಿಯ ಗುರುತು. ಹೋಗ್ಲಿ ಬಿಡಿ’ ಎಂದು ಕೊರಳಿನ ಹಾರ ತೆಗೆದು, ನನಗೆ ಕಾಣುವಂತೆ ದೂರ ಇಟ್ಟರು.

ಗೋಡಂಬಿಯನ್ನು ಮಾತ್ರ ಆರಿಸಿ ಆರಿಸಿ ತಿಂದರು.

ಪಕ್ಕದ ಮನೆ ಪ್ರಯೋಗಶಾಲೆ

ಪಕ್ಕದ ಮನೆ ಅಕ್ಕನಿಗೆ ಗಿಡದ ಹುಚ್ಚು. ‘ಅಕ್ಕಾ, ಪನ್ನೀರು ಗುಲಾಬಿ ಕಡ್ಡಿ ತಂದ್ಕೊಡ್ತೀನಿ, ನೆಟ್ಕೊಳ್ಳಿ’ ಎಂದೆ.

‘ಬೇಡ ಕಣಪ್ಪ. ನೀನು ಕೈಯಾರೆ ಕೊಟ್ರೆ ಚಿಗುರಲ್ಲ. ಗಿಡ ಅಂದ್ಮೇಲೆ ಯಾರ್ಗೂ ಗೊತ್ತಾಗ್ದಂಗೆ ಕಿತ್ಕೊಂಡು ಬರ್ಬೇಕು.’

ಈ ಜಗಳ ಹಳೆಯದು. ನನ್ನ ಕಾಂಪೌಂಡಿನ ಮನಿಪ್ಲಾಂಟ್ ವಾರವಾರವೂ ಗಿಡ್ಡವಾಗುತ್ತಿದ್ದುದು ಯಾರಿಂದ ಎಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರಿಗೆ ಸವಾಲು ಹಾಕಿದ್ದೆ: ಒಂದು ಕುಂಡದಲ್ಲಿ ನಾನು ಕೊಟ್ಟ ಬಳ್ಳಿ, ಇನ್ನೊಂದರಲ್ಲಿ ಅವರು ಕದ್ದ ಬಳ್ಳಿ. ಒಂದೇ ಮಣ್ಣು, ಒಂದೇ ನೀರು. ಎರಡೂ ಸೊಗಸಾಗಿ ಬೆಳೆದವು. ವಿಜ್ಞಾನ ಗೆದ್ದಿತೆಂದು ಎರಡು ವರ್ಷ ಬೀಗಿದ್ದೆ. ಈಗಲೂ ಅದನ್ನೇ ನೆನಪಿಸಿದೆ.

ಅಕ್ಕ ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದರು: ‘ಬೇಜಾರ್ ಮಾಡ್ಕೋಬೇಡ. ನೀನು ಕೊಟ್ಟಿದ್ದು ಮೂರೇ ದಿನಕ್ಕೆ ಬಾಡ್ತು. ಪಾಪ, ಓದಿರೋನು ನೊಂದ್ಕೋತಾನೆ ಅಂತ ಅದನ್ನ ಎಸ್ದು, ನಿನ್ ಗೋಡೆಯಿಂದ ಇನ್ನೊಂದು ಕದ್ದು ನೆಟ್ಟಿದ್ದೆ.’

ಕಟ್ಟುನಿಟ್ಟಿನ ಎಚ್ಚರಿಕೆ

ಹತ್ತು ದಿನ ಕಳೆದಿತ್ತು. ತೋಟದ ಗೇಟಿಗೆ ನಾವು ಹಾಕಿದ್ದ ‘ಗಿಡಗಳು ಉಚಿತ, ಬಂದು ಒಯ್ಯಿರಿ’ ಎಂಬ ಬೋರ್ಡಿಗೆ ಬಂದದ್ದು ಒಂದು ಮೇಕೆ. ಅದೂ ಬೋರ್ಡು ಓದಿ ಬಂದದ್ದಲ್ಲ. ಮಾಲಿ ಗುಲಾಬಿ ಪಕ್ಕ ಕೂತು ‘ಐದೇ ದಿನ ಸಾರ್’ ಎಂದರು.

ನಾನು ಬೋರ್ಡು ಕಿತ್ತು, ತಿರುಗಿಸಿ, ಹಿಂದೆ ದಪ್ಪ ಅಕ್ಷರದಲ್ಲಿ ಬರೆದೆ: ‘ಇಲ್ಲಿ ಗಿಡ, ಹೂ, ಕಡ್ಡಿ ಕೀಳುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.’

‘ಏನ್ ಸಾರ್ ಇದು! ಕೊಟ್ರೇ ಬರಲ್ಲ ಅಂತಾರೆ, ಬೇಡ ಅಂದ್ರೆ ಬರ್ತಾರಾ?’

‘ಬರ್ತಾರೆ. ನೀವು ಬೆಳಗ್ಗೆ ಗೇಟ್ ತೆಗೆದಿಟ್ಟು ಟೀ ಕುಡಿಯಕ್ಕೆ ಹೋಗಿ. ಆಗಾಗ ದೂರದಿಂದ ಕೂಗ್ತಿರಿ.’

‘ಕೂಗ್ಬೇಕಾ?’

‘ಕೂಗದಿದ್ರೆ ಕದ್ದ ಹಾಗೆ ಆಗಲ್ಲ.’

ಶಿವಮೊಗ್ಗಕ್ಕೆ ಬಂದು ಪಕ್ಕದ ಮನೆ ಅಕ್ಕನಿಗೆ ಹೇಳಿದೆ: ‘ಆ ತೋಟಕ್ಕೆ ಈಗ ಕಾವಲು ಹಾಕಿದ್ದಾರಂತೆ. ಒಂದು ಎಲೆನೂ ಮುಟ್ಟೋ ಹಾಗಿಲ್ಲ.’

ಅಕ್ಕನ ಕಣ್ಣು ಹೊಳೆಯಿತು. ‘ಭದ್ರಾವತಿಗೆ ಮೊದಲ್ನೇ ಬಸ್ ಎಷ್ಟೊತ್ತಿಗೆ?’

ಮರುದಿನ ಬೆಳಗ್ಗೆ ವಾಕಿಂಗ್ ಹೊರಟ ಭದ್ರಾವತಿಯೆಲ್ಲ ಒಂದೇ ದಿಕ್ಕಿಗೆ ವಾಕಿಂಗ್ ಮಾಡುತ್ತಿತ್ತು. ಕೈಚೀಲದಲ್ಲಿ ಕತ್ತರಿ, ಸೆರಗಿನಲ್ಲಿ ಕಡ್ಡಿ. ಮಾಲಿ ಟೀ ಅಂಗಡಿಯಿಂದ ‘ಏಯ್, ಯಾರದು!’ ಎಂದು ಕೂಗಿದಾಗಲೆಲ್ಲ ಜನ ಬೇಲಿ ಹಿಂದೆ ಕೂರುತ್ತಿದ್ದರು, ಮತ್ತೆ ಏಳುತ್ತಿದ್ದರು. ಮೂರನೆಯ ದಿನ ಒಬ್ಬಾಕೆ ಗುಲಾಬಿಯನ್ನು ಅಡ್ಡಾದಿಡ್ಡಿ ಮುರಿಯುವುದನ್ನು ನೋಡಿ ಮಾಲಿಗೆ ತಡೆಯಲಾಗಲಿಲ್ಲ. ಓಡಿ ಬಂದರು. ‘ಅಮ್ಮಾ, ಕದಿಯೋದಾದ್ರೆ ಸರಿಯಾಗಿ ಕದೀರಿ! ಗಣ್ಣಿನ ಕೆಳಗೆ, ಓರೆಯಾಗಿ!’ ಎಂದು ತೋರಿಸಿಕೊಟ್ಟು, ಮತ್ತೆ ಟೀ ಅಂಗಡಿಗೆ ಹೋಗಿ ಕೂಗಿದರು.

ನಾಲ್ಕನೆಯ ದಿನ ಬಟ್ಟೆ ವ್ಯಾಪಾರಿಯ ಕಾರಿನ ಡಿಕ್ಕಿಯಿಂದ ಬೇಲಿ ಗಿಡ ಇಣುಕುತ್ತಿತ್ತು. ಅದರ ಹಿಂದೆಯೇ ಭಾಷಣಕಾರರು ಸಿಕ್ಕಿಬಿದ್ದರು, ಮೊಣಕಾಲೂರಿ, ಬೇರಿನ ಸಮೇತ ಒಂದು ಗುಲಾಬಿ ಹಿಡಿದು.

‘ಗುಲಾಮಗಿರಿಯ ಗುರುತು ಅಂದಿದ್ರಿ?’ ಎಂದೆ.

‘ಅದಕ್ಕೇ ಮಾರಾಯ್ರೆ, ಬುಡಸಮೇತ ಕೀಳ್ತಿದ್ದೀನಿ.’

ಹದಿನೈದನೆಯ ದಿನ ಜೆಸಿಬಿ ಬಂತು. ಕೀಳಲು ಉಳಿದದ್ದು ಬೋರ್ಡು. ಅರ್ಧ ಭದ್ರಾವತಿಯ ಅಂಗಳದಲ್ಲಿ ಪನ್ನೀರು ಗುಲಾಬಿ ಇತ್ತು. ‘ಗಿಡ ಎಲ್ಲಿ?’ ಎಂದರು ಮ್ಯಾನೇಜರ್. ‘ಕಳ್ಳತನ ಸಾರ್. ಎಷ್ಟು ಕೂಗಿದ್ರೂ ಕೇಳ್ಲಿಲ್ಲ’ ಎಂದರು ಮಾಲಿ. ಅವರೊಬ್ಬರೇ ಒಂದು ಕಡ್ಡಿಯನ್ನೂ ಮುಟ್ಟಿರಲಿಲ್ಲ. ಕಾಯುವವರು ಕೀಳಬಾರದಲ್ಲ.

ನಾನೂ ಒಂದು ಕಡ್ಡಿ ತಂದಿದ್ದೆ. ಹೇಗೆ ತಂದೆ ಎಂಬುದು ಇಲ್ಲಿ ಅಪ್ರಸ್ತುತ. ಅದು ಚಿಗುರಿತು. ಮಾಲಿಯನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಕುಂಡವನ್ನು ಎರಡು ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದೆ. ‘ಕೆಲಸ ಮುಗೀತಲ್ಲ, ಈಗ ನೀವು ಕಾವಲಿನೋರಲ್ಲ. ಇದು ನಿಮ್ದೇ. ತಗೊಳ್ಳಿ.’

ಅವರು ಎಲೆಯನ್ನು ಮುಟ್ಟಿ ನೋಡಿದರು. ಕುಂಡವನ್ನು ಮಾತ್ರ ಹಿಡಿಯಲಿಲ್ಲ.

‘ಅದನ್ನ ಅಲ್ಲೇ ಗೇಟ್ ಹತ್ರ ಇಟ್ಟು, ನೀವು ಸ್ವಲ್ಪ ಒಳಗೆ ಹೋಗಿ ಸಾರ್.’

ಇಪ್ಪತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ನಾನು ಕುಂಡ ಇಟ್ಟು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡೆ. ಗೇಟು ಕಿರ್ ಎಂದಿತು. ಗಿಡ ಚೆನ್ನಾಗಿ ಬೇರು ಹಿಡಿಯಲಿ ಎಂದು ಜೋರಾಗಿ ಒಂದು ಸಲ ಕೂಗಿದೆ:

‘ಏಯ್, ಯಾರದು!’